ಬಿಳಿಯ ರಕ್ತ, ಹಳದಿಯ ಮದ್ದು

ತೆಂಗಿನ ಸೀಮೆಯಲ್ಲಿ ಕೊಬ್ಬರಿಯನ್ನು ಕಣ್ಣಿನಿಂದ ಪರೀಕ್ಷಿಸುವವರು ಕಡಿಮೆ, ಕಿವಿಯಿಂದ ಪರೀಕ್ಷಿಸುವವರೇ ಹೆಚ್ಚು. ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದ ಕಾಯಿಯನ್ನು ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿದರೆ, ಒಳಗಿನ ನೀರು ಬತ್ತಿ, ಗಿಟುಕು ಚಿಪ್ಪನ್ನು ಬಿಟ್ಟು ಗಡಗಡನೆ ಸದ್ದು ಮಾಡಬೇಕು. ಅದನ್ನು ಕೇಳಿ ತಲೆದೂಗಿದ ರೈತನೂ ಒಳಗೆ ಕೊಳೆತಿದೆಯೋ ಇಲ್ಲವೋ ಎಂಬುದನ್ನು ಆಣೆಯಿಟ್ಟು ಹೇಳಲಾರ. ಒಡೆದ ಮೇಲೆಯೇ ಅದರ ನಿಜಸ್ಥಿತಿ ತಿಳಿಯತಕ್ಕದ್ದು.

ನಮ್ಮ ದೇಹದಲ್ಲಿಯೂ ಹೀಗೆ ಗಟ್ಟಿ ಚಿಪ್ಪಿನೊಳಗೆ ಕಣ್ಣಿಗೆ ಬೀಳದಂತೆ ನಡೆಯುವ ಒಂದು ಕೆಲಸವುಂಟು. ಎಲುಬುಗಳ ಒಳಗಿನ ಮಜ್ಜೆಯಲ್ಲಿ ಹಗಲಿರುಳೂ ರಕ್ತ ತಯಾರಾಗುತ್ತಿರುತ್ತದೆ. ಒಂದು ಕೆಂಪು ಕಣದ ಆಯುಷ್ಯ ಸುಮಾರು ೧೨೦ ದಿನಗಳಷ್ಟೆ. ಸತ್ತವುಗಳ ಸ್ಥಾನವನ್ನು ತುಂಬಲು ಮಜ್ಜೆಯು ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷದಷ್ಟು ಹೊಸ ಕೆಂಪು ಕಣಗಳನ್ನು ಹೊರಗೆ ಕಳುಹಿಸಬೇಕು. ರೋಗದೊಡನೆ ಹೋರಾಡುವ ಬಿಳಿಯ ಕಣಗಳೂ ಅಲ್ಲಿಯೇ ಹುಟ್ಟುತ್ತವೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರು ರಕ್ತಕ್ಕೆ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ಇರುತ್ತವೆ. ಈ ಬಿಳಿಯ ಕಣಗಳ ಒಂದು ಪೀಳಿಗೆ ಬಲಿಯುವುದನ್ನು ಮರೆತು, ಎಳಸಾಗಿಯೇ ಉಳಿದು, ಹೆಚ್ಚುವುದೊಂದನ್ನೇ ಕಲಿತರೆ ಮಜ್ಜೆಯೆಲ್ಲ ಅವುಗಳಿಂದ ತುಂಬಿಹೋಗುತ್ತದೆ. ಕೆಂಪು ಕಣಕ್ಕೂ, ರಕ್ತ ಹೆಪ್ಪುಗಟ್ಟಿಸುವ ಕಣಕ್ಕೂ ಜಾಗ ಉಳಿಯುವುದಿಲ್ಲ. ಜರ್ಮನಿಯ ವಿರ್ಶೋ ಎಂಬ ವೈದ್ಯ ೧೮೪೭ರಲ್ಲಿ ಇದಕ್ಕೆ ಗ್ರೀಕ್ ಮಾತಿನಲ್ಲಿ ‘ಬಿಳಿಯ ರಕ್ತ’ ಎಂಬರ್ಥದ ಹೆಸರನ್ನಿಟ್ಟ. ಲ್ಯುಕೀಮಿಯ ಎಂದು ಇಂದಿಗೂ ವೈದ್ಯರು ಕರೆಯುವುದು ಅದನ್ನೇ.

ಈ ವಿಷಯವನ್ನು ಇಂದು ಎತ್ತಿಕೊಂಡುದಕ್ಕೆ ಚಿಕ್ಕನಾಯಕನಹಳ್ಳಿಯ ಕಡೆಯ ಉಪಾಧ್ಯಾಯರೊಬ್ಬರ ಪತ್ರ ಕಾರಣ. ಅವರ ತಂಗಿಯ ಮಗ ಆರು ವರ್ಷದ ಹುಡುಗ. ಬಿಡದ ಜ್ವರ, ಬಿಳಿಚಿದ ಮೈ, ಎಲ್ಲಿಯೂ ಬೀಳದೆಯೇ ಕಾಲಿನ ಮೇಲೆ ಏಳುತ್ತಿದ್ದ ನೀಲಿಯ ಕಲೆಗಳು. ಬೆಂಗಳೂರಿಗೆ ಕರೆದೊಯ್ದಾಗ ರೋಗ ಇದೇ ಎಂದು ಗೊತ್ತಾಯಿತು. ಒಂದು ತಿಂಗಳ ಚಿಕಿತ್ಸೆಯಾದ ಮೇಲೆ ಪರೀಕ್ಷೆ ಮಾಡಿ, ಕೆಟ್ಟ ಕಣಗಳು ಕಾಣುತ್ತಿಲ್ಲವೆಂದು ವೈದ್ಯರು ತಿಳಿಸಿದರು. ಮನೆಯವರು ಕೈಮುಗಿದು ಹೊರಟಾಗ, ಇನ್ನೂ ಎರಡು ವರ್ಷಕ್ಕೂ ಮಿಕ್ಕಿ ಮದ್ದು ನಡೆಯಬೇಕೆಂದೂ ಹೇಳಿದರು. ಈಗ ಮನೆಯಲ್ಲಿ ಎರಡು ಪಕ್ಷ. ತೋಟದ ಕೆಲಸ ಬಿಟ್ಟು, ತಿಪಟೂರಿನಲ್ಲಿ ರೈಲು ಹತ್ತಿ, ಅಷ್ಟು ಸಲ ಓಡಾಡುವುದೆಂತು ಎಂದು ಭಾವನವರು ಕೇಳುತ್ತಾರೆ. ಅಜ್ಜಿಯವರ ಮಾತು ಇನ್ನೂ ಖಾರ: “ಹುಷಾರಾಗಿ ಆಡಿಕೊಂಡಿರುವ ಕೂಸಿಗೆ ಯಾಕ್ರೋ ವಿಷ ಹಾಕಿಸ್ತೀರಾ? ನಾಟಿ ಔಷಧಿ ಕೊಡಿಸಿ, ಸಾಕು.” ತಾವು ಏನು ಹೇಳಬೇಕೆಂದು ಉಪಾಧ್ಯಾಯರು ಕೇಳಿದ್ದಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಚಿಕಿತ್ಸೆಯನ್ನು ಬಿಡಕೂಡದು. ಆದರೆ “ಬಿಡಕೂಡದು” ಎಂಬ ಬರಿಯ ಮಾತಿನಿಂದ ಅಜ್ಜಿಯರು ಒಪ್ಪುವವರಲ್ಲ, ಒಪ್ಪಬೇಕಾಗಿಯೂ ಇಲ್ಲ. ಆ ಹುಡುಗನಿಗೆ ಕೊಡುತ್ತಿರುವ ಮದ್ದುಗಳಲ್ಲಿ ಹಳದಿ ಬಣ್ಣದ್ದೊಂದು ಇರಲೇಬೇಕು. ಅದು ಎಲ್ಲಿಂದ ಬಂತು, ಯಾರು ಅದರ ಹಿಂದೆ ಬಿದ್ದರು, ಮೊದಲು ಕೊಟ್ಟಾಗ ಏನಾಯಿತು ಎಂಬುದನ್ನು ಕೇಳಿದರೆ ಅಜ್ಜಿಗೇ ಉತ್ತರ ಹೊಳೆದೀತು.

ಯಲ್ಲಾಪ್ರಗಡ ಸುಬ್ಬರಾಯರು ಹುಟ್ಟಿದ್ದು ೧೮೯೫ರ ಜನವರಿ ೧೨ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರದಲ್ಲಿ. ತೆಲುಗರು. ಕನ್ನಡದ ಪತ್ರಿಕೆಗೆ ತೆಲುಗರ ಕಥೆ ಏಕೆಂದು ಕೇಳುವವರಿದ್ದರೆ, ಅವರ ಮದ್ದಿನಿಂದ ಬದುಕಿದ ಮಕ್ಕಳಲ್ಲಿ ಕನ್ನಡದ ಮಕ್ಕಳೂ ಇದ್ದಾರೆಂದಷ್ಟೇ ಹೇಳಬಲ್ಲೆ. ತಂದೆ ಕಂದಾಯ ಇಲಾಖೆಯಲ್ಲಿದ್ದು ಅನಾರೋಗ್ಯದಿಂದ ಬೇಗನೆ ನಿವೃತ್ತರಾದವರು, ಮನೆಯಲ್ಲಿ ಬಡತನ. ಹುಡುಗ ಹದಿಮೂರರ ಪ್ರಾಯದಲ್ಲಿ ಕಾಶಿಗೆ ಓಡಿಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡಬೇಕೆಂದು ಹೊರಟಿದ್ದನಂತೆ. ತಾಯಿ ವೆಂಕಮ್ಮ ಹಿಡಿತರಿಸಿ ಮತ್ತೆ ಶಾಲೆಗೆ ಸೇರಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಮೂರನೆಯ ಸಲಕ್ಕೆ. ಫಲಿತಾಂಶದ ದಿನ ಮನೆಯ ಮಕ್ಕಳ ಮೇಲೆ ಕಣ್ಣು ಕೆಂಪಗೆ ಮಾಡುವ ತಂದೆಯರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕಾಗಿ ವಿನಂತಿ.

ಸಂನ್ಯಾಸಿಯಾಗಬೇಕೆಂಬ ಹಂಬಲವಿದ್ದ ಆ ಯುವಕ ತಾಯಿಯ ಒಪ್ಪಿಗೆ ದೊರೆಯದೆ ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಗಾಂಧೀಜಿಯವರ ಕರೆಯ ಕಾಲ. ಶಸ್ತ್ರಚಿಕಿತ್ಸೆಯ ತರಗತಿಗೆ ಖಾದಿಯ ನಿಲುವಂಗಿ ತೊಟ್ಟು ಹೋದದ್ದು ಆಂಗ್ಲ ಪ್ರಾಧ್ಯಾಪಕರಿಗೆ ಸರಿಬೀಳಲಿಲ್ಲ. ಪರಿಣಾಮವಾಗಿ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ಕೈಗೆ ಬಂತು. ಸರ್ಕಾರದ ವೈದ್ಯ ಇಲಾಖೆಯಲ್ಲಿ ಕೆಲಸ ಸಿಕ್ಕದೆ, ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರದ ಅಧ್ಯಾಪಕರಾದರು. ನಾಟಿ ಔಷಧಿಯ ಮೇಲೆ ವಿಶ್ವಾಸವುಳ್ಳ ಅಜ್ಜಿಯವರು ಇದನ್ನು ಗಮನಿಸಬೇಕು. ಹಳದಿಯ ಮದ್ದಿನ ಹಿಂದಿರುವ ಈ ಮನುಷ್ಯ ಆಯುರ್ವೇದವನ್ನು ಹೀಗಳೆದವರಲ್ಲ, ಅದರ ಅಂಗಳದಲ್ಲೇ ಅನ್ನ ಉಂಡವರು.

ಅವರ ಸಹೋದರರಲ್ಲೊಬ್ಬರು ಸ್ಪ್ರೂ ಎಂಬ ಉಷ್ಣದೇಶದ ರೋಗದಿಂದ ತೀರಿಕೊಂಡಿದ್ದರು. ಕರುಳು ಆಹಾರವನ್ನು ಹೀರದೆ, ತಿಂದದ್ದೆಲ್ಲ ಹೊರಗೆ ಹೋಗಿ, ರಕ್ತ ಬತ್ತಿ, ಮನುಷ್ಯ ಎಲುಬಿನ ಗೂಡಾಗುವ ರೋಗವದು. ಅದಕ್ಕೆ ಮದ್ದನ್ನು ಕಂಡುಹಿಡಿಯಬೇಕೆಂಬುದೇ ಅವರನ್ನು ಸಮುದ್ರ ದಾಟಿಸಿತು. ಮಾವನವರ ಹಣದ ನೆರವಿನಿಂದ ಹಡಗು ಹತ್ತಿ ೧೯೨೨ರ ಅಕ್ಟೋಬರಿನಲ್ಲಿ ಬೋಸ್ಟನ್ ನಗರದಲ್ಲಿ ಇಳಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣದೇಶ ವೈದ್ಯಶಾಲೆಯಲ್ಲಿ ಓದು. ಹೊಟ್ಟೆಪಾಡಿಗೆ ರಾತ್ರಿಯ ಹೊತ್ತು ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ. ಊರಿನಲ್ಲಿ ಬಿಟ್ಟುಬಂದಿದ್ದ ಮಡದಿ ಶೇಷಗಿರಿಯವರಿಗೆ ಆಮೇಲೆ ಗಂಡು ಮಗುವಾಯಿತು; ತಂದೆಯ ಮುಖ ಕಾಣದೆ ಶೈಶವದಲ್ಲಿಯೇ ತೀರಿಕೊಂಡಿತು. ಸುಬ್ಬರಾಯರು ಮತ್ತೆಂದೂ ಭಾರತಕ್ಕೆ ಬರಲಿಲ್ಲ, ಮಡದಿಯನ್ನು ಕಾಣಲಿಲ್ಲ. ಮಹಾತ್ಮರ ಚರಿತ್ರೆ ಬರೆಯುವವರು ಇಂಥ ಸಂಗತಿಗಳನ್ನು ಒಂದೇ ಸಾಲಿನಲ್ಲಿ ದಾಟಿಹೋಗುತ್ತಾರೆ. ಆ ಮಡದಿಯ ಪಾಲಿಗೆ ಅದು ಒಂದು ಸಾಲಿನ ಸಂಗತಿಯಾಗಿರಲಿಲ್ಲ.

ಹಾರ್ವರ್ಡಿನಲ್ಲಿ ಅವರ ಕೆಲಸ ರಸಾಯನದ ಕಡೆಗೆ ತಿರುಗಿತು. ೧೯೨೫ರಲ್ಲಿ ಸೈರಸ್ ಫಿಸ್ಕೆ ಎಂಬ ಅಧ್ಯಾಪಕರೊಡನೆ ಸೇರಿ, ರಕ್ತದಲ್ಲಿ ಮತ್ತು ಮೂತ್ರದಲ್ಲಿ ರಂಜಕದ ಪ್ರಮಾಣವನ್ನು ಒಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಜೀವರಸಾಯನ ಓದಿದ ವಿದ್ಯಾರ್ಥಿಗಳಿಗೆ ಫಿಸ್ಕೆ–ಸುಬ್ಬರಾವ್ ವಿಧಾನವೆಂದರೆ ತಿಳಿದೀತು. ೧೯೨೭ರಲ್ಲಿ ಸ್ನಾಯು ಸಂಕೋಚಕ್ಕೆ ಒದಗುವ ಫಾಸ್ಫೊಕ್ರಿಯೇಟಿನ್ ಎಂಬ ವಸ್ತುವನ್ನೂ, ೧೯೨೯ರಲ್ಲಿ ಜೀವಕಣಗಳ ಶಕ್ತಿಯ ನಾಣ್ಯವೆನ್ನಬಹುದಾದ ಎ.ಟಿ.ಪಿ. ಎಂಬುದನ್ನೂ ಈ ಇಬ್ಬರೇ ಬೇರ್ಪಡಿಸಿದರು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯ ಲೋಮನ್ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆಯನ್ನು ಕೊಡಲಿಲ್ಲ. ೧೯೪೦ರಲ್ಲಿ ಅವರು ನ್ಯೂಯಾರ್ಕಿನ ಬಳಿ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಕಂಪನಿಯ ಪ್ರಯೋಗಶಾಲೆಗೆ ಹೋದರು.

ಇಲ್ಲಿ ಕಥೆಯು ಸ್ವಲ್ಪ ಹೊತ್ತು ನಮ್ಮ ದೇಶಕ್ಕೇ ಹಿಂದಿರುಗಬೇಕು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ೧೯೨೮ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ಕಡು ರಕ್ತಹೀನತೆಯ ಕಾರಣವನ್ನು ಹುಡುಕುತ್ತಿದ್ದರು. ಯೀಸ್ಟಿನಿಂದ ಮಾಡಿದ, ಬ್ರೆಡ್ಡಿಗೆ ಸವರಿ ತಿನ್ನುವ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟಾಗ ಆ ಗರ್ಭಿಣಿಯರ ರಕ್ತ ಚೇತರಿಸಿಕೊಂಡಿತು. ಅದರಲ್ಲಿ ಏನೋ ಇದೆ ಎಂಬುದಷ್ಟು ೧೯೩೧ರಲ್ಲಿ ಲೋಕಕ್ಕೆ ತಿಳಿಯಿತು. ಹತ್ತು ವರ್ಷಗಳ ತರುವಾಯ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದೇ ಗುಣವುಳ್ಳ ಚಿಟಿಕೆಯಷ್ಟು ವಸ್ತುವನ್ನು ತೆಗೆದು, ಎಲೆಗಿರುವ ಲ್ಯಾಟಿನ್ ಮಾತಿನಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಟನ್ನುಗಟ್ಟಲೆ ಸೊಪ್ಪು ಅರೆದು ಜನಕ್ಕೆ ಮದ್ದು ಹಂಚಲಾದೀತೆ? ೧೯೪೫ರಲ್ಲಿ ಸುಬ್ಬರಾಯರ ತಂಡ ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿತು. ಹಳದಿಯ ಪುಡಿ. ಗರ್ಭಿಣಿಯರ ರಕ್ತಹೀನತೆಗೆ ಅದು ಮದ್ದಾಯಿತು. ಸ್ಪ್ರೂ ರೋಗಕ್ಕೂ ಮದ್ದಾಯಿತು. ಸಹೋದರ ಸತ್ತು ಅಷ್ಟು ಹೊತ್ತಿಗೆ ಕಾಲು ಶತಮಾನ ಸಂದಿತ್ತು.

ರಕ್ತವನ್ನು ಹೆಚ್ಚಿಸುವ ಮದ್ದು ಸಿಕ್ಕಿದ ಮೇಲೆ ಅದನ್ನು ರಕ್ತದ ಎಲ್ಲ ರೋಗಗಳಿಗೂ ಕೊಟ್ಟುನೋಡುವ ಆಸೆ ಸಹಜ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ಲ್ಯುಕೀಮಿಯದಿಂದ ನರಳುತ್ತಿದ್ದ ಮಕ್ಕಳಿಗೆ, ಲೆಡರ್ಲೆಯಿಂದ ಬಂದ ಫೋಲಿಕ್ ಆಮ್ಲದ ಬಳಗದ ವಸ್ತುಗಳನ್ನು ಕೊಟ್ಟರು. ರೋಗ ಇಳಿಯಲಿಲ್ಲ; ಇನ್ನಷ್ಟು ವೇಗದಿಂದ ಏರಿದಂತೆ ಕಂಡಿತು. ಬೇರೊಬ್ಬರಾಗಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದರು. ಫಾರ್ಬರ್ ಅವರು ಅದನ್ನೇ ತಿರುಗಿಸಿ ಯೋಚಿಸಿದರು: ಈ ಆಹಾರ ಕೊಟ್ಟರೆ ಕೆಟ್ಟ ಕಣ ಕೊಬ್ಬುವುದಾದರೆ, ಈ ಆಹಾರವನ್ನು ತಪ್ಪಿಸಿದರೆ?

ತಪ್ಪಿಸುವ ಉಪಾಯವೂ ಸುಬ್ಬರಾಯರ ಪ್ರಯೋಗಶಾಲೆಯಲ್ಲಿಯೇ ಇತ್ತು. ಫೋಲಿಕ್ ಆಮ್ಲವನ್ನು ಕಟ್ಟಲು ಕಲಿತವರಿಗೆ ಅದರ ಹುಸಿ ರೂಪಗಳನ್ನು ಕಟ್ಟುವುದೂ ತಿಳಿದಿತ್ತು. ಅಣುವಿನ ಒಂದು ಮೂಲೆಯಲ್ಲಿ ಆಮ್ಲಜನಕವಿದ್ದ ಕಡೆ ಸಾರಜನಕವನ್ನು ಕೂರಿಸಿದರೆ ಸಾಕು, ನೋಡಲು ಅದೇ, ಕೆಲಸಕ್ಕೆ ಬಾರದ್ದು. ಬೀಗದೊಳಕ್ಕೆ ಹೋಗುವ, ಆದರೆ ತಿರುಗದ ಕೀಲಿಕೈಯಂತೆ. ಒಳಗೆ ಸಿಕ್ಕಿಕೊಂಡ ಮೇಲೆ ನಿಜವಾದ ಕೀಲಿಕೈಗೂ ದಾರಿಯಿಲ್ಲ. ಕಣವು ಇಬ್ಭಾಗವಾಗಿ ಹೆಚ್ಚಬೇಕಾದರೆ ತನ್ನ ಅನುವಂಶಿಕ ದ್ರವ್ಯದ ಪ್ರತಿಯೊಂದನ್ನು ಬರೆದುಕೊಳ್ಳಬೇಕು. ಫೋಲಿಕ್ ಆಮ್ಲವಿಲ್ಲದೆ ಆ ಬರವಣಿಗೆ ನಡೆಯದು. ಅತಿವೇಗದಿಂದ ಹೆಚ್ಚುವ ಕಣಕ್ಕೆ ಅದರ ಪೆಟ್ಟು ಅತಿ ಜೋರು.

೧೯೪೭ರ ಡಿಸೆಂಬರ್ ಕೊನೆಯಲ್ಲಿ ಅಮಿನೋಪ್ಟೆರಿನ್ ಎಂಬ ಆ ಹುಸಿ ಫೋಲಿಕ್ ಆಮ್ಲವನ್ನು ಎರಡು ವರ್ಷದ ಮಗುವೊಂದಕ್ಕೆ ಚುಚ್ಚಲಾಯಿತು. ಏರುತ್ತಿದ್ದ ಬಿಳಿಯ ಕಣಗಳ ಸಂಖ್ಯೆ ನಿಂತಿತು, ಆಮೇಲೆ ಇಳಿಯಿತು. ಸಾವನ್ನೇ ಎದುರು ನೋಡುತ್ತಿದ್ದ ಮಗು ಎದ್ದು ನಡೆದಾಡಿತು. ೧೯೪೮ರ ಜೂನ್ ೩ರಂದು ಫಾರ್ಬರ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ, ೧೬ ಮಕ್ಕಳಲ್ಲಿ ೧೦ ಮಂದಿಗೆ ಗುಣ ಕಂಡುಬಂದಿತೆಂದಿದೆ. ಅಲ್ಲಿಯವರೆಗೆ ಈ ರೋಗದಲ್ಲಿ ವೈದ್ಯರ ಕೆಲಸವೆಂದರೆ ರಕ್ತ ಕೊಡುವುದು, ನೋವು ಕಡಿಮೆ ಮಾಡುವುದು, ತಾಯಿತಂದೆಯರ ಪಕ್ಕದಲ್ಲಿ ನಿಲ್ಲುವುದು ಇಷ್ಟೇ ಆಗಿತ್ತು.

ಆದರೆ ಆ ಹತ್ತು ಮಕ್ಕಳ ಗುಣ ನಿಲ್ಲಲಿಲ್ಲ. ಕೆಲವು ವಾರ, ಕೆಲವು ತಿಂಗಳು ಕಳೆಯುವಷ್ಟರಲ್ಲಿ ರೋಗ ಮರಳಿ ಬಂತು. ಎರಡನೆಯ ಸಲಕ್ಕೆ ಅದೇ ಮದ್ದು ನಾಟಲಿಲ್ಲ.

ಉಪಾಧ್ಯಾಯರೇ, ನಿಮ್ಮ ತಂಗಿಯ ಮನೆಯಲ್ಲಿ ಹೇಳಬೇಕಾದುದು ಈ ಭಾಗವನ್ನು. ತೋಟ ಇಟ್ಟವರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಯನ್ನು ಕಂಬಿಯ ಕೊಕ್ಕೆಯಿಂದ ಎಳೆದು ಕೊಂದರೆ ಮರ ಚೊಕ್ಕಟವಾಗಿ ಕಾಣುತ್ತದೆ. ಅದರ ಗೊಣ್ಣೆಹುಳುಗಳು ಬೆಳೆಯುತ್ತಿರುವುದು ಮರದಲ್ಲಿ ಅಲ್ಲ, ತಿಪ್ಪೆಗುಂಡಿಯಲ್ಲಿ. ತಿಪ್ಪೆಯನ್ನು ಕೆದಕದೆ ಸುಮ್ಮನಾದವನ ತೋಟಕ್ಕೆ ಮುಂದೆ ಏನಾಗುತ್ತದೆಂದು ಭಾವನವರನ್ನೇ ಕೇಳಿ. ರೋಗ ಮೊದಲು ಕಂಡಾಗ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕೆಟ್ಟ ಕಣಗಳಿರುತ್ತವೆಂದು ಅಂದಾಜು. ಮೊದಲ ತಿಂಗಳ ಮದ್ದಿಗೆ ಅವುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತವೆಂದರೂ ಸಾವಿರ ಕೋಟಿ ಉಳಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಮಜ್ಜೆ ಚೆನ್ನಾಗಿಯೇ ಕಾಣುತ್ತದೆ. ಮಿದುಳಿನ ಸುತ್ತಲಿನ ನೀರಿನಲ್ಲಿ ಅಡಗಿದವು ಬಾಯಿಂದ ನುಂಗಿದ ಸಾಧಾರಣ ಮಾತ್ರೆಗಳಿಗೆ ಸಿಕ್ಕುವುದಿಲ್ಲ. ಬೆನ್ನೆಲುಬಿನ ನಡುವೆ ಸೂಜಿಯಿಂದ ಮದ್ದು ಹಾಕುವುದು ಅದಕ್ಕಾಗಿ. ಎರಡು ವರ್ಷಕ್ಕೂ ಮಿಕ್ಕಿದ ಚಿಕಿತ್ಸೆಯೆಂದರೆ ತಿಪ್ಪೆಯನ್ನು ಕೆದಕುವ ಕೆಲಸ. ಈಗ ಬಿಟ್ಟರೆ ರೋಗ ಮರಳುವುದು ಹೆಚ್ಚುಕಡಿಮೆ ಖಂಡಿತ, ಮರಳಿದ ರೋಗ ಮೊದಲಿನದಕ್ಕಿಂತ ಹಟಮಾರಿ.

ವಿಷವೆಂಬ ಅಜ್ಜಿಯವರ ಮಾತನ್ನು ನಾನು ಅಲ್ಲಗಳೆಯಲಾರೆ. ಬಾಯಿಹುಣ್ಣು, ಉದುರುವ ಕೂದಲು, ಕುಗ್ಗುವ ರೋಗನಿರೋಧಕ ಶಕ್ತಿ, ಇವೆಲ್ಲ ನಿಜ. ಅದಕ್ಕಾಗಿಯೇ ಕೆಲವು ಎಚ್ಚರಿಕೆಗಳು. ಚಿಕಿತ್ಸೆಯ ಕಾಲದಲ್ಲಿ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವಾರಕ್ಕೊಮ್ಮೆ ಎಂದು ಬರೆದುಕೊಟ್ಟ ಹಳದಿಯ ಮಾತ್ರೆಯನ್ನು ವಾರಕ್ಕೊಮ್ಮೆಯೇ ಕೊಡಬೇಕು. ಮರೆತು ದಿನವೂ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹುಡುಗ ಬಿಳಿಚಿಕೊಂಡಿದ್ದಾನೆಂದು ಅಂಗಡಿಯಿಂದ ರಕ್ತಪುಷ್ಟಿಯ ಟಾನಿಕ್ಕು ತಂದು ವೈದ್ಯರಿಗೆ ತಿಳಿಸದೆ ಕುಡಿಸಕೂಡದು. ಅಂಥವುಗಳಲ್ಲಿ ಫೋಲಿಕ್ ಆಮ್ಲ ಇರುವುದುಂಟು. ಅದರಿಂದ ಏನಾದೀತೆಂಬುದನ್ನು ಬೋಸ್ಟನ್ನಿನ ಕಥೆಯಲ್ಲಿ ಕಂಡೆವು. ಬೇರು ನಾರುಗಳ ವಿಷಯದಲ್ಲಿಯೂ ಇದೇ ನಿಯಮ. ಇನ್ನು ಓಡಾಟದ ಮತ್ತು ಖರ್ಚಿನ ಚಿಂತೆ ಸಣ್ಣದಲ್ಲ. ಭಾವನವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗುವ ಬದಲು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಲಿ. ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಕಡೆಗಳಲ್ಲಿ ಪರ ಊರಿನವರು ತಂಗಲು ಧರ್ಮಶಾಲೆಯೂ, ಸರ್ಕಾರದ ಯೋಜನೆಗಳ ಕಾಗದಪತ್ರ ಮಾಡಿಸಿಕೊಡುವವರೂ ಇರುತ್ತಾರೆ. ಕೇಳಿದವರಿಗೆ ದಾರಿ ಸಿಕ್ಕುತ್ತದೆ. ಹೇಳದೆ ಊರಿಗೆ ಹೋದವರನ್ನು ಹುಡುಕಿಕೊಂಡು ಬರುವವರು ಕಡಿಮೆ.

ಒಂದು ಮದ್ದು ಸೋತ ಕಡೆ ಹಲವು ಸೇರಿ ಗೆದ್ದವು. ಅಮಿನೋಪ್ಟೆರಿನ್ನಿಗಿಂತ ಸೌಮ್ಯವಾದ, ಅದೇ ಪ್ರಯೋಗಶಾಲೆಯ ಮೆಥೊಟ್ರೆಕ್ಸೇಟ್ ಅದರ ಸ್ಥಾನಕ್ಕೆ ಬಂತು. ನಾನು ಹೇಳುತ್ತಿರುವ ಹಳದಿಯ ಮಾತ್ರೆ ಇದೇ. ೧೯೫೧ರಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಹಿಚಿಂಗ್ಸ್ ಇನ್ನೊಂದು ಹುಸಿ ಕೀಲಿಕೈಯನ್ನು ಮಾಡಿದರು. ೧೯೬೩ರಲ್ಲಿ ನಮ್ಮ ಹಿತ್ತಲುಗಳಲ್ಲಿ ನೀರು ಕೇಳದೆ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ಬಳಕೆಗೆ ಬಂತು. ಎಲ್ಲವನ್ನೂ ಒಟ್ಟಿಗೆ, ದೀರ್ಘಕಾಲ ಕೊಡುವ ಧೈರ್ಯವನ್ನು ಅಮೆರಿಕದ ಮೆಂಫಿಸ್ ನಗರದ ಡೊನಾಲ್ಡ್ ಪಿಂಕೆಲ್ ೧೯೬೨ರಿಂದೀಚೆಗೆ ಮಾಡಿದರು. ಆ ದಶಕ ಮುಗಿಯುವ ಹೊತ್ತಿಗೆ ಅವರ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪೂರ್ತಿ ಗುಣಹೊಂದುವಂತಾಯಿತು. ಮುಂದುವರಿದ ದೇಶಗಳಲ್ಲಿ ಇಂದು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೀಮಿಯದಿಂದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮ ದೇಶದ ಲೆಕ್ಕ ಅದಕ್ಕಿಂತ ಹಿಂದಿದೆ. ಅರ್ಧಕ್ಕೆ ಚಿಕಿತ್ಸೆ ಬಿಟ್ಟುಹೋಗುವುದು ಅದರ ಕಾರಣಗಳಲ್ಲೊಂದು. ರೋಗಿಯ ರಕ್ತಕಣಗಳನ್ನೇ ಹೊರತೆಗೆದು, ತಿದ್ದಿ, ಕೆಟ್ಟ ಕಣಗಳ ಮೇಲೆ ಛೂಬಿಡುವ ಹೊಸ ಚಿಕಿತ್ಸೆಗೂ ನಮ್ಮಲ್ಲಿ ೨೦೨೩ರಲ್ಲಿ ಅನುಮತಿ ದೊರೆತಿದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ದುಡಿಮೆಯ ಫಲವದು. ಅದರ ಕಥೆ ಇನ್ನೊಂದು ವಾರಕ್ಕೆ.

ಸುಬ್ಬರಾಯರು ಇದಾವುದನ್ನೂ ನೋಡಲಿಲ್ಲ. ಫಾರ್ಬರ್ ಅವರ ವರದಿ ಅಚ್ಚಾದ ಎರಡು ತಿಂಗಳಿಗೆ, ೧೯೪೮ರ ಆಗಸ್ಟಿನಲ್ಲಿ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿತ್ತು. ಐವತ್ತಮೂರು ವರ್ಷ. ಆನೆಕಾಲು ರೋಗಕ್ಕೆ ಇಂದಿಗೂ ಊರೂರಿನಲ್ಲಿ ಹಂಚುವ ಡಿ.ಇ.ಸಿ. ಮಾತ್ರೆಯೂ ಅವರ ಪ್ರಯೋಗಶಾಲೆಯಿಂದ ಬಂದದ್ದೇ. ಫೋಲಿಕ್ ಆಮ್ಲದ ಪ್ರಬಂಧದಲ್ಲಿ ಅವರ ಹೆಸರು ಹಲವು ಹೆಸರುಗಳ ಸಾಲಿನ ನಡುವೆ, ಅಕಾರಾದಿಯಾಗಿ ಸಿಕ್ಕಬೇಕಾದ ಸ್ಥಳದಲ್ಲಿ ಸಿಕ್ಕುತ್ತದೆ. ಮುಂದಾಳುವೆಂದು ತೋರುವ ಗುರುತೇನೂ ಇಲ್ಲ. ಫಾರ್ಬರ್ ಅವರ ಪ್ರಬಂಧದ ಲೇಖಕರಲ್ಲಿ ಅವರಿಲ್ಲ. ಅವರು ಬದುಕಿದ್ದ ಬಹುಕಾಲ ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲೇ ಮುಚ್ಚಿತ್ತು. ೧೯೪೬ರಲ್ಲಿ ಅದು ತೆರೆದ ಮೇಲೂ ಅವರು ಭಾರತೀಯರಾಗಿಯ ೇ ತೀರಿಕೊಂಡರು. ೧೯೫೩ರಲ್ಲಿ ಹೊಸದಾಗಿ ಗುರುತಿಸಿದ ಒಂದು ಶಿಲೀಂಧ್ರಕ್ಕೆ ‘ಸುಬ್ಬರೋಮೈಸಿಸ್’ ಎಂದು ಅವರ ಹೆಸರನ್ನಿಟ್ಟರು. ಭಾರತದ ಅಂಚೆ ಇಲಾಖೆ ಅವರ ಮುಖವಿರುವ ಚೀಟಿಯನ್ನು ಹೊರತಂದುದು ೧೯೯೫ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ.